‘ರು’ ಅಕ್ಷರದ ಎರಡು ಸೇತುವೆ

ತಿಪಟೂರು, ಕೊಬ್ಬರಿ ಮಂಡಿ. ಲಾರಿ ಏರಲು ಕಾದಿರುವ ಉಂಡೆ ಕೊಬ್ಬರಿ ಚೀಲಗಳ ಸಾಲು. ಹಮಾಲರೊಬ್ಬರು ತಗಡಿನ ಅಚ್ಚನ್ನು ಚೀಲದ ಹೊಟ್ಟೆಗೆ ಒತ್ತಿ ಹಿಡಿದು, ನೀಲಿ ಬಣ್ಣದಲ್ಲಿ ಅದ್ದಿದ ಬಟ್ಟೆಯಿಂದ ಎರಡು ಸಲ ತಟ್ಟಿದರು. ಮಾರ್ಕು ಬಿತ್ತು. ನನ್ನ ಕಣ್ಣು ಊರ ಹೆಸರಿನ ಕೊನೆಯ ‘ರು’ ಮೇಲೆಯೇ ನಿಂತಿತು. ‘ರ’ ಒಂದು ಉಂಗುರವಲ್ಲವೇ? ತಗಡಿನಲ್ಲಿ ಉಂಗುರವನ್ನು ಪೂರ್ತಿ ಕೊರೆದರೆ ನಡುವಿನ ಬಿಲ್ಲೆ ಕಳಚಿ ಬೀಳುತ್ತದೆ, ಚೀಲದ ಮೇಲೆ ಮೂಡುವುದು ಬರೀ ಒಂದು ದಪ್ಪ ಬೊಟ್ಟು. ಅದಕ್ಕೇ ಎರಡು ಕಡೆ ಸಣ್ಣ ಸೇತುವೆ ಉಳಿಸಿಕೊಂಡು ಕೊರೆದಿದ್ದಾರೆ. ಚೀಲದ ಮೇಲಿರುವುದು ಎದುರುಬದುರಾದ ಎರಡು ಕಮಾನು. ಓದುವಾಗ ಮಾತ್ರ ಅದು ‘ರು’ವೇ.

1929ರಲ್ಲಿ ಪ್ಯಾರಿಸ್ಸಿನ ಪೋಸ್ಟರ್ ಕಲಾವಿದ ಕಸಾಂದ್ರ್ ‘ಬಿಫ್ಯೂರ್’ ಎಂಬ ಅಕ್ಷರಮಾಲೆ ಮಾಡಿದ. ಜಾಹೀರಾತಿಗೆಂದೇ ಮಾಡಿದ್ದು. ಅಕ್ಷರದ ಕೆಲವು ಗೆರೆಗಳನ್ನೇ ತೆಗೆದುಹಾಕಿ, ಉಳಿದಷ್ಟರಿಂದಲೇ ಓದುಗ ಗುರುತು ಹಿಡಿಯಬೇಕು ಎಂದ. ಆಗ ಆರ್ಟ್ ಡೆಕೋದ ಕಾಲ. 1925ರ ಪ್ಯಾರಿಸ್ ಅಲಂಕಾರ ಕಲೆಗಳ ಪ್ರದರ್ಶನದಿಂದ ಹಬ್ಬಿದ ಶೈಲಿ ಅದು. ಆ ಹೆಸರು ಬಳಕೆಗೆ ಬಂದದ್ದು ಮಾತ್ರ 1960ರ ದಶಕದಲ್ಲಿ. ಅವನು ಚೆಂದಕ್ಕಾಗಿ ಗೆರೆ ಬಿಟ್ಟ, ನಮ್ಮ ತಗಡು ಕೊರೆಯುವವರು ಬೇರೆ ದಾರಿಯಿಲ್ಲದೆ ಬಿಟ್ಟರು. ಕಣ್ಣಿಗೆ ಎರಡೂ ಕೊಡುವ ಕೆಲಸ ಒಂದೇ. ಹಾಗಾದರೆ ಯಾವುದನ್ನು ಅಲಂಕಾರ ಎನ್ನಲಿ?

*

ಬಸ್ ಸ್ಟ್ಯಾಂಡಿನ ಕಂಬದಿಂದ ಬಿಡಿಸಿಕೊಂಡ ನಾಟಕದ ಕರಪತ್ರ, ತೆಳು ಗುಲಾಬಿ ಕಾಗದ. ‘ಕುರುಕ್ಷೇತ್ರ ಅಥವಾ ಧರ್ಮರಾಜ್ಯ ಸ್ಥಾಪನೆ’. ಶೀರ್ಷಿಕೆ ಬಿಲ್ಲಿನಂತೆ ಬಾಗಿದೆ. ಅದರ ಕೆಳಗೆ ನಟ್ಟನಡುವೆ ಕೃಷ್ಣ, ಹಿಂದೆ ಕಿರಣಗಳು, ಸುತ್ತ ಪಾತ್ರಧಾರಿಗಳ ಫೋಟೋ. ಈ ಸೀಮೆಯಲ್ಲಿ ಜಾತ್ರೆ, ಹಬ್ಬ ಬಂತೆಂದರೆ ಪೌರಾಣಿಕ ನಾಟಕ ಇರಲೇಬೇಕು. ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂತು ಕಂದಪದ್ಯ ಕಲಿತು, ಕೈಯಿಂದ ದುಡ್ಡು ಹಾಕಿ ಪಾತ್ರ ಮಾಡುತ್ತಾರೆ. ಕರಪತ್ರದಲ್ಲಿ ಮುಖ ಬರುವುದು ಅವರಿಗೆ ಸಣ್ಣ ವಿಷಯವಲ್ಲ.

ತುಮಕೂರಿನಿಂದ ರೈಲಿನಲ್ಲಿ ಇಲ್ಲಿಗೆ ಬರುವವರು ಗುಬ್ಬಿ ದಾಟಿಯೇ ಬರಬೇಕು. 1884ರಲ್ಲಿ ಅಲ್ಲಿ ಹುಟ್ಟಿದ ನಾಟಕ ಕಂಪನಿಯನ್ನು ಗುಬ್ಬಿ ವೀರಣ್ಣನವರು ನಾಡಿನ ತುಂಬ ಮೆರೆಸಿದರು; 1934ರ ‘ಕುರುಕ್ಷೇತ್ರ’ದಲ್ಲಿ ಆನೆ, ಕುದುರೆಗಳನ್ನೇ ರಂಗಕ್ಕೆ ತಂದರು. ಆ ವೈಭವದ ಒಂದು ತುಣುಕು ಈ ಗುಲಾಬಿ ಕಾಗದದ ಬಾಗಿದ ಅಕ್ಷರದಲ್ಲಿ ಉಳಿದಿದೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

*

ಇನ್ನೊಂದು ನಾಟಕದ ಭಿತ್ತಿಪತ್ರ. 1895ರ ಜನವರಿ 1ರಂದು ಪ್ಯಾರಿಸ್ಸಿನ ಗೋಡೆಗಳ ಮೇಲೆ ‘ಜಿಸ್ಮೊಂಡಾ’ ಕಾಣಿಸಿಕೊಂಡಿತು. ಬರೆದವನು ಅಲ್ಫೋನ್ಸ್ ಮುಖಾ. ಆಳೆತ್ತರದ ಕಿರಿದಾದ ಹಾಳೆ, ನಟಿ ಸಾರಾ ಬರ್ನಾರ್ಡ್ ನಿಂತಿದ್ದಾಳೆ, ಕೈಯಲ್ಲಿ ಪಾಮ್ ಗರಿ, ತಲೆಯ ಹಿಂದೆ ಕಮಾನು. ಆರ್ಟ್ ನೂವೋ ಶೈಲಿಯ ಬಳ್ಳಿಗೆರೆ ಪೋಸ್ಟರಿಗೆ ಹತ್ತಿದ್ದು ಇಂಥ ಹಾಳೆಗಳಿಂದ.

ತೆಂಗಿನ ಸೀಮೆಯವನಾದ ನನಗೆ ಮೊದಲು ಕಂಡದ್ದು ಆ ಗರಿ. ಆಮೇಲೆ ಕಮಾನು. ಅದು ನಮ್ಮ ಪ್ರಭಾವಳಿಯಲ್ಲದೆ ಇನ್ನೇನು? ನಮ್ಮ ಸೀಮೆಯ ವಿಘ್ನಸಂತೆಯಲ್ಲಿ ಹೊಯ್ಸಳರ ಕಾಲದ, 1286ರ ಲಕ್ಷ್ಮೀನರಸಿಂಹ ದೇಗುಲವಿದೆ. ಹೊಯ್ಸಳರ ವಿಷ್ಣು ಮೂರ್ತಿಗಳಲ್ಲಿ ಎರಡು ಪಕ್ಕದಿಂದ ಎದ್ದ ಬಳ್ಳಿ ಸುರುಳಿ ಸುರುಳಿಯಾಗಿ ತಲೆಯ ಮೇಲೆ ಕೂಡುತ್ತದೆ; ಅನೇಕ ಕಡೆ ಅದರೊಳಗೆ ದಶಾವತಾರವೂ ಕುಳಿತಿರುತ್ತದೆ. ನೋಡುವವನ ಕಣ್ಣನ್ನು ಅತ್ತಿತ್ತ ಹೋಗಗೊಡದೆ ಮತ್ತೆ ಮುಖಕ್ಕೇ ತಂದು ಬಿಡುವ ಕೆಲಸ ಆ ಬಳ್ಳಿಯದು. ಮುಖಾನ ಕಮಾನು ಮಾಡುವುದೂ ಅದನ್ನೇ.

ಮುಖಾ ನಮ್ಮ ಗುಡಿ ನೋಡಿದವನಲ್ಲ. ಅವನ ಬೇರು ಬೈಜಾಂಟೈನ್ ಚರ್ಚುಗಳ ಕಡೆಗಿದೆ. ಆದರೆ ಅದಕ್ಕೂ ಮೊದಲೇ, 1851ರ ಲಂಡನ್ ಮಹಾಪ್ರದರ್ಶನಕ್ಕೆ ಭಾರತದ ಬಟ್ಟೆ, ಲೋಹದ ಕೆಲಸ ಹೋಗಿತ್ತು. ಅಲ್ಲಿ ಕಂಡದ್ದನ್ನು ಓವೆನ್ ಜೋನ್ಸ್ 1856ರ ತನ್ನ ಅಲಂಕಾರ ವಿನ್ಯಾಸಗಳ ದೊಡ್ಡ ಗ್ರಂಥದಲ್ಲಿ ಹಾಳೆಗಟ್ಟಲೆ ಅಚ್ಚು ಹಾಕಿದ. ಯುರೋಪಿನ ವಿನ್ಯಾಸಕಾರರು ಅದನ್ನು ಮುಂದಿಟ್ಟುಕೊಂಡು ಕಲಿತರು. ನಾವು ಅಲ್ಲಿಂದ ತಂದುಕೊಂಡೆವು ಎಂದು ಹೇಳುವ ಮುನ್ನ, ಇಲ್ಲಿಂದ ಹೋದದ್ದೆಷ್ಟು ಎಂದೂ ಕೇಳಬೇಕು.

*

ಚಿಕ್ಕನಾಯಕನಹಳ್ಳಿ ಹತ್ತಿರದ ಒಂದು ಮನೆ. ಕಬ್ಬಿಣದ ಗೇಟಿನಲ್ಲಿ ಅರ್ಧವೃತ್ತ, ಅದರಿಂದ ಹೊರಟ ಸರಳುಗಳು. ಆರ್ಟ್ ಡೆಕೋದ ಉದಯಸೂರ್ಯ, ಸಂಶಯವೇ ಇಲ್ಲ ಎಂದು ಬರೆದುಕೊಳ್ಳುತ್ತಿದ್ದೆ. ಜಗಲಿಯ ಮೇಲಿದ್ದ ಅಜ್ಜಿ, “ಏನಪ್ಪಾ ಬರ್ಕೊಂತಿದೀಯ?” ಎಂದರು. ಸೂರ್ಯನ ಚಿತ್ರ ಚೆನ್ನಾಗಿದೆ ಅಜ್ಜಿ, ಎಂದೆ. “ಸೂರ್ಯ ಎಲ್ಲಯ್ತೆ? ಅದು ತೆಂಗಿನ್ ಗರಿ. ಕೆಳಗ್ ನಿಂತ್ಕೊಂಡು ಮೇಲಕ್ ನೋಡು.”

ನಿಂತು ನೋಡಿದೆ. ಸುಳಿಯಿಂದ ಸುತ್ತಲೂ ಹೊರಟ ಗರಿಗಳು. ಬರೆದದ್ದನ್ನು ಹೊಡೆದು ಹಾಕಲಿಲ್ಲ, ಪಕ್ಕದಲ್ಲಿ ಅಜ್ಜಿಯ ಮಾತನ್ನೂ ಬರೆದೆ.

*

ಚಿತ್ರಕಾರ ಎಸ್.ಎಂ. ಪಂಡಿತರನ್ನು ಇಲ್ಲಿ ಬರೆದಿಡಬೇಕು. 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿದವರು. ಮುಂಬಯಿಗೆ ಹೋಗಿ ಹಾಲಿವುಡ್ಡಿನ ಎಂಜಿಎಂ ಕಂಪನಿಯ ಚಿತ್ರಗಳಿಗೆ ಶೋಕಾರ್ಡು, ಪೋಸ್ಟರು ಬರೆದರು. ಆ ಕಂಪನಿ 1938ರಲ್ಲಿ ಅಲ್ಲಿ ತೆರೆದ ಮೆಟ್ರೋ ಟಾಕೀಸೇ ಆರ್ಟ್ ಡೆಕೋ ಕಟ್ಟಡ. ಹಾಲಿವುಡ್ ತಾರೆಯರ ಮೈಮೇಲೆ ಬೆಳಕು ಬೀಳಿಸಿ ಪಳಗಿದ ಅದೇ ಕೈ ಆಮೇಲೆ ಕ್ಯಾಲೆಂಡರಿಗೆ ರಾಮ, ಕೃಷ್ಣರನ್ನು ಬರೆಯಿತು. ಅಂಥ ಕ್ಯಾಲೆಂಡರುಗಳು ಮಂಡಿಯ ಗೋಡೆಯಲ್ಲೂ ಹಳ್ಳಿಯ ದೇವರ ಗೂಡಿನಲ್ಲೂ ತೂಗಾಡಿದವು. ನಮ್ಮ ಕರಪತ್ರದ ಕೃಷ್ಣನ ಬೆನ್ನ ಹಿಂದಿನ ಬೆಳಕು ಸಿನಿಮಾ ಮಂದಿರ ಸುತ್ತಿಕೊಂಡು ಬಂದಿರಬಹುದೇ?

*

ತುರುವೇಕೆರೆ. ಬೋರ್ಡು ಬರೆಯುವ ಹಿರಿಯರೊಬ್ಬರ ಅಂಗಡಿ. ಈಗ ಕೆಲಸ ಕಡಿಮೆ, ಎಲ್ಲ ಫ್ಲೆಕ್ಸ್.

“ಯಜಮಾನ್ರೇ, ಫ್ಲೆಕ್ಸ್‌ನಲ್ಲಿ ಏನು ತಪ್ಪಿದೆ ಅಂತೀರಿ?”

“ತಪ್ಪೇನಿಲ್ಲ ಸಾ, ಬಣ್ಣ ಚೆನ್ನಾಗ್ ಬತ್ತದೆ. ಆದ್ರೆ ನಾವು ಮೊದ್ಲು ಜಾಗ ಬಿಡ್ತಿದ್ವಿ. ಸುತ್ತ ಜಾಗ ಇದ್ರೆ ತಾನೆ ಹೆಸ್ರು ಎದ್ದು ಕಾಣೋದು?”

ಹೊರಗೆ ಬಂದು ಸರ್ಕಲ್ಲಿನ ಫ್ಲೆಕ್ಸ್ ನೋಡಿದೆ. ಮೂವತ್ತೆರಡು ಮುಖ ಎಣಿಸಿದೆ. ಪ್ರತಿ ತಲೆಯ ಹಿಂದೆಯೂ ಕಿರಣ, ಕಂಪ್ಯೂಟರಿನಲ್ಲಿ ಸಿದ್ಧವಾಗಿ ಸಿಗುವ ಕಿರಣ. ಯಾರ ಹುಟ್ಟುಹಬ್ಬ ಎಂದು ತಿಳಿಯಲು ಓದಲೇಬೇಕಾಯಿತು. ಒಬ್ಬರ ಮುಖ ಎತ್ತಿ ತೋರಿಸಲೆಂದು ಹುಟ್ಟಿದ ಪ್ರಭಾವಳಿ ಎಲ್ಲರಿಗೂ ಹಂಚಿಹೋಗಿ, ಕೊನೆಗೆ ಯಾರನ್ನೂ ತೋರಿಸದಂತಾಗಿದೆ. ನನಗೆ ಇದು ನಿಜವಾದ ನಷ್ಟವೆನಿಸುತ್ತದೆ.

*

ಅರಳಗುಪ್ಪೆ, ಕಲ್ಲೇಶ್ವರ ಗುಡಿ. ಹೊಯ್ಸಳರಿಗಿಂತ ಹಳೆಯದು, 9ನೇ ಶತಮಾನದ್ದು. ನವರಂಗದಲ್ಲಿ ಕತ್ತೆತ್ತಿ ಚಾವಣಿ ನೋಡಬೇಕು. ಒಂಬತ್ತು ಅಂಕಣ. ನಡುವೆ ಕುಣಿಯುವ ಶಿವ, ಸುತ್ತ ಎಂಟು ಅಂಕಣಗಳಲ್ಲಿ ತಂತಮ್ಮ ವಾಹನದ ಮೇಲೆ ದಿಕ್ಪಾಲಕರು. ಯಾರು ನಾಯಕ, ಯಾರು ಎಲ್ಲಿ ಎಂದು ಕೇಳಬೇಕಿಲ್ಲ.

ಕತ್ತು ನೋಯುವವರೆಗೆ ನೋಡಿದೆ. ಚೀಲದಿಂದ ಗುಲಾಬಿ ಕರಪತ್ರ ತೆಗೆದು ಬಿಡಿಸಿದೆ. ನಡುವೆ ಕೃಷ್ಣ. ಸುತ್ತಲಿನ ಫೋಟೋಗಳನ್ನು ಎಣಿಸಿದೆ: ಎಂಟು.