ಆರಕ್ಕೆ ಏರಿ ಇಳಿಯುವ ಸಂಖ್ಯೆ

1
12345654321. ಹನ್ನೊಂದು ಅಂಕಿ. ಹಿಂದಿನಿಂದ ಓದಿದರೂ ಅದೇ. ಅಂಕಿಗಳನ್ನು ಕೂಡಿದರೆ 36.

2
ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ದಲ್ಲಿದೆ. ಕಾಲ ಸುಮಾರು 850. ಪೀಠಿಕೆಯಲ್ಲಿ ಅಮೋಘವರ್ಷ ನೃಪತುಂಗನ ಹೊಗಳಿಕೆ. ಒಂದರಿಂದ ಆರಕ್ಕೆ ಏರಿ, ಬಂದ ಕ್ರಮದಲ್ಲೇ ಇಳಿಯುವುದು ಎಂದು ಮಹಾವೀರಾಚಾರ್ಯ ಈ ಸಂಖ್ಯೆಯನ್ನು ಗುರುತಿಸುತ್ತಾನೆ. ಇಂಥ ಕೆಲವು ಗುಣಲಬ್ಧಗಳಿಗೆ ಕೊರಳಹಾರದ ಹೆಸರು.

3
ಚಿಕ್ಕಬಳ್ಳಾಪುರದ ಬಳಿ ನಂದಿಯ ಭೋಗನಂದೀಶ್ವರ ಗುಡಿಯೂ ಈ ಪುಸ್ತಕದ ಶತಮಾನದ್ದೇ.

4
ಮಹಾವೀರಾಚಾರ್ಯನ ಲೆಕ್ಕ: 27994681ನ್ನು 441ರಿಂದ ಗುಣಿಸು. ಮೊದಲ ಸಂಖ್ಯೆಯಲ್ಲಿ 3 ಇಲ್ಲ, 5 ಇಲ್ಲ, ಸೊನ್ನೆ ಇಲ್ಲ. 9 ಎರಡು ಸಲ ಇದೆ. ನೋಡಿದರೆ ಅಡ್ಡಾದಿಡ್ಡಿ. ಗುಣಿಸಿ ಕೂಡಿದ ಮೇಲೆ ಅಂಕಿಗಳು ಸಾಲಾಗಿ ನಿಲ್ಲುತ್ತವೆ. ಉತ್ತರ ಹೀಗೆ ಬರುತ್ತದೆಂದು ಶಿಷ್ಯನಿಗೆ ಮೊದಲೇ ಹೇಳುತ್ತಿದ್ದರೋ, ಇಲ್ಲವೋ.

5
441 ಎಂದರೆ 21ರ ವರ್ಗ. ತಿರುಗಿಸಿ ಬರೆದರೆ 144. ಅದು 12ರ ವರ್ಗ.

6
27994681 ಕೂಡ ವರ್ಗವೇ, 5291ರದು. ತಿರುಗಿಸಿದರೆ 1925. ಅದರಿಂದ ಏನೂ ಹೊರಡುವುದಿಲ್ಲ.

7
ಪೆರೇಸಂದ್ರ, ಹೆದ್ದಾರಿ ಪಕ್ಕದ ಗೊಬ್ಬರದಂಗಡಿ. ಮೇಜಿನ ಮೇಲೆ ಹನ್ನೆರಡು ಅಂಕಿಯ ಕ್ಯಾಲ್ಕುಲೇಟರ್, ಗುಂಡಿಗಳ ಸಂದಿನಲ್ಲಿ ಬಿಳಿ ಪುಡಿ. 111111 ಇಂಟು 111111. ಅದೇ ಸಂಖ್ಯೆ ಬಂತು; ಪರದೆಯ ಎಡಗಡೆ ಒಂದೇ ಮನೆ ಖಾಲಿ ಉಳಿಯಿತು. ಎರಡಕ್ಕೂ ಇನ್ನೊಂದು ‘1’ ಸೇರಿಸಿ ಒತ್ತಿದರೆ ಎರರ್.

8
ಅಂಗಡಿಯವರು ಬಗ್ಗಿ ನೋಡಿ, “ಬ್ಯಾಂಕ್ ಖಾತೆ ನಂಬರಾ ಸಾರ್?” ಎಂದರು. ಸ್ಟೇಟ್ ಬ್ಯಾಂಕ್ ಖಾತೆಗೂ ಹನ್ನೊಂದೇ ಅಂಕಿ.

9
ಬಾಯಲ್ಲಿ ಹೇಳಿದರೆ: ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಏರಿದ್ದೂ ಕೇಳಿಸುವುದಿಲ್ಲ, ಇಳಿದದ್ದೂ ಕೇಳಿಸುವುದಿಲ್ಲ. ನಮ್ಮ ಪದ್ಧತಿಯಂತೆ ಅಲ್ಪವಿರಾಮ ಹಾಕಿದರೆ 12,34,56,54,321. ಬಲಗಡೆ ಮೂರು, ಎಡಗಡೆ ಎರಡು. ಜೋಡಿ ತಪ್ಪಿತು.

10
ಸೆಕೆಂಡಿಗೊಂದರಂತೆ ಎಣಿಸಿದರೆ 391 ವರ್ಷ, ಮೇಲೆ ಎರಡೂವರೆ ತಿಂಗಳು.

11
ಅದೇ ಪುಸ್ತಕದಲ್ಲಿ: ಋಣಸಂಖ್ಯೆಗೆ ವರ್ಗಮೂಲವಿಲ್ಲ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದೆ ಉಳಿಯುತ್ತದೆ. ಮೊದಲನೆಯದನ್ನು ಬರೆದವನೇ ಎರಡನೆಯದನ್ನೂ ಬರೆದಿದ್ದಾನೆ.

12
12345679ನ್ನು 9ರಿಂದ ಗುಣಿಸುವ ಲೆಕ್ಕವೂ ಅಲ್ಲಿದೆ. ಉತ್ತರದಲ್ಲಿ ಒಂಬತ್ತು ‘1’ಗಳು. ಗುಣಿಸುವ ಮೊದಲು 8 ಎಲ್ಲಿಗೆ ಹೋಗಿತ್ತು?

13
ಏರಿಳಿತ ಆರಕ್ಕೇ ನಿಲ್ಲಬೇಕಾಗಿಲ್ಲ. ಒಂಬತ್ತು ‘1’ಗಳ ವರ್ಗ 12345678987654321. ಹತ್ತಕ್ಕೆ ಹೋದರೆ ದಶಕ ಬಂದು ಕೆಡುತ್ತದೆ: 1234567900987654321. ಮಹಾವೀರಾಚಾರ್ಯ ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾನೆ. ಒಂಬತ್ತರ ಏರಿಳಿತಕ್ಕೆ 17 ಸಾಕು.

14
ಐದು ‘1’ಗಳು: 41 × 271.
ಆರು: 3 × 7 × 11 × 13 × 37.
ಏಳು: 239 × 4649.

15
ಐದು ‘1’ಗಳ ವರ್ಗವನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು 9. ಏಳರದಕ್ಕೂ 9. ಆರರದಕ್ಕೆ 243.