ಸೂಜಿಗೆ ಮುಂಚೆ ಒಂದು ನೋಟ

ಸೇಲಂ, 22 ಜುಲೈ 2024, ಸೋಮವಾರ

ಪೆನ್ನಾಗರಂ ಕಡೆಯ ರೈತ. ಹೊಲದಲ್ಲಿ ಕೊಳಕುಮಂಡಲ ಕಚ್ಚಿ ಇಂದಿಗೆ ಮೂರನೇ ದಿನ. ಮೂತ್ರ ನಿಂತಿದೆ, ಪೊಟ್ಯಾಸಿಯಂ ಏರುತ್ತಲೇ ಇದೆ. ರಾತ್ರಿಯೊಳಗೆ ಡಯಾಲಿಸಿಸ್ ಆಗಲೇಬೇಕು, ಅದಕ್ಕೆ ಕುತ್ತಿಗೆಯ ನರಕ್ಕೆ ಕ್ಯಾಥೆಟರ್ ಹಾಕಬೇಕು. ರಕ್ತವನ್ನು ಗಾಜಿನ ಕೊಳವೆಯಲ್ಲಿ 20 ನಿಮಿಷ ಅಲುಗಿಸದೆ ಇಟ್ಟು ಓರೆ ಮಾಡಿದೆವು. ಹೆಪ್ಪುಗಟ್ಟಿರಲಿಲ್ಲ, ಹರಿಯಿತು. ಆಂಟಿವೆನಮ್ ಮತ್ತೆ ಕೊಟ್ಟಿದ್ದೇವೆ, ಆದರೆ ಅದು ಪೂರ್ತಿ ಕೆಲಸ ಮಾಡುವವರೆಗೆ ಕಾಯುವಂತಿಲ್ಲ.

ಹೆಂಡತಿಯ ತವರು ಹೊಗೇನಕಲ್ಲಿನ ಆಚೆ ದಡ, ಕನ್ನಡದವರು. ನಾನೂ ಮೈಸೂರಿನವಳೆಂದು ತಿಳಿದ ಮೇಲೆ ತಮಿಳು ಬಿಟ್ಟರು. "ಕುತ್ತಿಗೆಗ್ಯಾಕೆ ಚುಚ್ತೀರಿ ಡಾಕ್ಟ್ರಮ್ಮಾ, ಕೈಗೆ ಹಾಕಕ್ಕಾಗಲ್ವಾ?" ಅಂದರು. ಡಯಾಲಿಸಿಸ್ ಯಂತ್ರ ನಿಮಿಷಕ್ಕೆ ಸುಮಾರು 200 ಮಿ.ಲೀ. ರಕ್ತ ಎಳೆದು ಮತ್ತೆ ಒಳಗೆ ಬಿಡಬೇಕು, ಕೈಯ ನರ ಅದನ್ನು ತಡೆಯುವುದಿಲ್ಲ ಎಂದು ಹೇಳಿದೆ. "ನಿಧಾನಕ್ಕೆ ಮಾಡ್ರವ್ವಾ" ಎಂದು ಹೊರಗೆ ಹೋಗಿ ಕೂತರು.

ಹಾಸಿಗೆಯ ತಲೆಯ ಕಡೆ ತಗ್ಗಿಸಿ, ಬಲಗುತ್ತಿಗೆ ತೊಳೆದು, ಅಲ್ಟ್ರಾಸೌಂಡ್ ಪ್ರೋಬಿಗೆ ಸ್ಟೆರೈಲ್ ಕವರ್ ಹಾಕಿಕೊಂಡೆ. ಪರದೆಯ ಮೇಲೆ ಎರಡು ಕಪ್ಪು ವೃತ್ತಗಳು. ಒಂದು ಮಿಡಿಯುತ್ತದೆ, ಒತ್ತಿದರೂ ಗುಂಡಗೇ ಇರುತ್ತದೆ. ಅದು ಕೆರೋಟಿಡ್, ಮಿದುಳಿಗೆ ಹೋಗುವ ಅಪಧಮನಿ. ಇನ್ನೊಂದು ಪ್ರೋಬಿನ ಹಗುರ ಒತ್ತಡಕ್ಕೇ ಚಪ್ಪಟೆಯಾಗಿ, ಬಿಟ್ಟರೆ ಮತ್ತೆ ತೆರೆದುಕೊಳ್ಳುತ್ತದೆ. ನಮಗೆ ಬೇಕಾದ ಜುಗುಲರ್ ಅಭಿಧಮನಿ ಅದೇ. ಪುಸ್ತಕದ ಪ್ರಕಾರ ಅದು ಕೆರೋಟಿಡ್ಡಿನ ಹೊರಮಗ್ಗುಲಿಗೆ ಇರಬೇಕು. ಈ ಮನುಷ್ಯನಲ್ಲಿ ನೇರ ಅದರ ಮೇಲೇ ಮಲಗಿತ್ತು. ಬೆರಳಿನ ಅಂದಾಜಿನಲ್ಲಿ ಇಳಿಸಿದ್ದರೆ ಸೂಜಿ ಎರಡನ್ನೂ ತೂರುತ್ತಿತ್ತು, ಅದೂ ಹೆಪ್ಪುಗಟ್ಟದ ರಕ್ತವಿರುವ ಮೈಯಲ್ಲಿ.

ಎಡಕ್ಕೆ ತಿರುಗಿಸಿದ್ದ ತಲೆಯನ್ನು ಸ್ವಲ್ಪ ನೇರಕ್ಕೆ ತಂದೆವು, ಎರಡೂ ಬೇರ್ಪಟ್ಟವು. ಸೂಜಿ ಒಂದೇ ಸಲಕ್ಕೆ ಸೇರಿತು. ಅದರ ಮೂಲಕ ತಂತಿ ಬಿಟ್ಟ ಮೇಲೆ ಪ್ರೋಬನ್ನು ಮತ್ತೆ ಇಟ್ಟು, ಅದು ಅಭಿಧಮನಿಯ ಒಳಗೇ ಇದೆ ಎಂದು ಕಣ್ಣಾರೆ ಕಂಡ ನಂತರವೇ ದಾರಿ ಅಗಲಿಸುವ ಡೈಲೇಟರ್ ಕೈಗೆತ್ತಿಕೊಂಡೆ. ಸಣ್ಣ ಸೂಜಿ ಅಪಧಮನಿಗೆ ತಗುಲಿದರೆ ಒತ್ತಿಹಿಡಿದು ರಕ್ತ ನಿಲ್ಲಿಸಬಹುದು. ಡೈಲೇಟರ್ ಹೋದರೆ ಪ್ರಾಣಕ್ಕೇ ಬರುತ್ತದೆ.

30 ಜುಲೈ, ಮಂಗಳವಾರ

ಮೆಟ್ಟೂರು ಅಣೆಕಟ್ಟು 120 ಅಡಿ ತುಂಬಿತು. ವಾರ್ಡಿನಲ್ಲೆಲ್ಲ ಅದೇ ಸುದ್ದಿ. ಹಾವು ಕಚ್ಚಿದ ರೈತನಿಗೆ ಮೂತ್ರ ಹನಿಯಲು ಶುರುವಾಗಿದೆ.

ಹೊಸದಾಗಿ ಸೇರಿದ ಹುಡುಗ ಕೇಳಿದ: "ಮೇಡಂ, ನಿಮ್ಮ ಸೀನಿಯರ್‌ಗಳೆಲ್ಲ ಸ್ಕ್ಯಾನ್ ಇಲ್ಲದೇ ಹಾಕ್ತಿದ್ರಲ್ಲ?" ಹೌದು, ಹಾಕುತ್ತಿದ್ದರು. ಕತ್ತಿನ ಸ್ನಾಯುವಿನ ಎರಡು ಕವಲುಗಳ ನಡುವಿನ ತ್ರಿಕೋನ ಹುಡುಕಿ, ಎಡಗೈ ಬೆರಳಲ್ಲಿ ಕೆರೋಟಿಡ್ ಹಿಡಿದು, ಅದರ ಪಕ್ಕಕ್ಕೆ ಸೂಜಿ ಇಳಿಸುವುದು. ಮೈಸೂರಿನಲ್ಲಿ ನಾನು ಕಲಿತದ್ದೂ ಹಾಗೆಯೇ. ಆ ಕೈಗಳ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಚರ್ಮದ ಕೆಳಗೆ ಯಾರ ನರ ಎಲ್ಲಿದೆ ಎಂದು ಯಾವ ಕೈಗೂ ಗೊತ್ತಾಗುವುದಿಲ್ಲ. ಸೂಜಿ, ತಂತಿ, ಆಮೇಲೆ ಕ್ಯಾಥೆಟರ್ ಎಂಬ ಕ್ರಮವನ್ನು ಸ್ವೀಡನ್ನಿನ ಸೆಲ್ಡಿಂಗರ್ 1953ರಲ್ಲಿ ಕೊಟ್ಟರು. ಕುತ್ತಿಗೆಗೆ ಹಾಕುವಾಗ ಅಲ್ಟ್ರಾಸೌಂಡ್ ಬಳಸಿ ಎಂದು ಬ್ರಿಟನ್ನಿನ ನೈಸ್ ಸಂಸ್ಥೆ 2002ರಲ್ಲೇ ಹೇಳಿತು. 2015ರ ಕಾಕ್ರೇನ್ ವಿಮರ್ಶೆ 35 ಅಧ್ಯಯನಗಳನ್ನು ಒಟ್ಟಿಗೆ ತೂಗಿ, ಜುಗುಲರ್ ವಿಷಯದಲ್ಲಿ ಅಪಧಮನಿಗೆ ಚುಚ್ಚುವ ಪ್ರಮಾದ ಶೇ. 72ರಷ್ಟು ಇಳಿಯುತ್ತದೆ ಎಂದಿತು. ಇಷ್ಟಾದ ಮೇಲೂ ಚರ್ಚೆ ಏಕೆ ಬೇಕು?

ಒಂದು ಎಚ್ಚರಿಕೆಯನ್ನೂ ಹೇಳಿದೆ. ಅಡ್ಡವಾಗಿ ನೋಡುವಾಗ ಕಾಣುವ ಬಿಳಿ ಚುಕ್ಕೆ ಸೂಜಿಯ ತುದಿಯೇ ಆಗಿರಬೇಕೆಂದಿಲ್ಲ, ನಡುವಿನ ಭಾಗವೂ ಆಗಿರಬಹುದು. ಪ್ರೋಬ್ ವಾಲಿಸುತ್ತ ತುದಿಯನ್ನು ಹಿಂಬಾಲಿಸದಿದ್ದರೆ ಪರದೆ ಎದುರಿಗಿದ್ದೂ ಉಪಯೋಗವಿಲ್ಲ.

3 ಆಗಸ್ಟ್, ಶನಿವಾರ

ಆಡಿ ಹದಿನೆಂಟರ ಹಬ್ಬ. ಊರೆಲ್ಲ ಕಾವೇರಿ ದಡದಲ್ಲಿ.

ಧರ್ಮಪುರಿ ಜಿಲ್ಲೆಯ ಸಣ್ಣ ಆಸ್ಪತ್ರೆಯೊಂದರಲ್ಲಿರುವ ಗೆಳತಿ ಫೋನ್ ಮಾಡಿದ್ದಳು. ಅವರಲ್ಲಿ ಯಂತ್ರವಿದೆ. ಆದರೆ ಸ್ಕ್ಯಾನ್ ಕೋಣೆಯ ಬೀಗದ ಒಳಗೆ. ಐಸಿಯುಗೆ ತಂದರೆ ತಪಾಸಣೆಯವರು ಬಂದಾಗ ತೊಂದರೆ ಎಂದು ಮೇಲಿನವರ ಹೆದರಿಕೆ. ರಾತ್ರಿ ಹೊತ್ತು ಅವಳು ಬೆರಳಿನ ಅಂದಾಜಿನಲ್ಲೇ ಹಾಕುತ್ತಾಳೆ.

ಈ ಹೆದರಿಕೆಗೆ ಈ ನೆಲದಲ್ಲಿ ಕಾರಣವಿದೆ. ಹೆಣ್ಣು ಕೂಸುಗಳನ್ನು ಹುಟ್ಟಿದ ಕೂಡಲೇ ಕೊಲ್ಲುವುದನ್ನು ತಡೆಯಲು 1992ರಲ್ಲಿ ತೊಟ್ಟಿಲು ಮಗು ಯೋಜನೆ ಶುರುವಾದದ್ದೇ ಸೇಲಂನಲ್ಲಿ. ಆಮೇಲೆ ಅದನ್ನು ಧರ್ಮಪುರಿಗೂ ತಂದರು. ಸ್ಕ್ಯಾನ್ ಯಂತ್ರ ಬಂದ ಮೇಲೆ ಹುಟ್ಟುವವರೆಗೂ ಕಾಯುವ ಅಗತ್ಯವೇ ಇರಲಿಲ್ಲ. 1994ರ ಲಿಂಗಪತ್ತೆ ತಡೆ ಕಾಯ್ದೆ ಪ್ರತಿ ಯಂತ್ರವೂ ನೋಂದಣಿಯಾಗಿರಬೇಕು ಎನ್ನುವುದು ಅದಕ್ಕೇ. ಹೆಣ್ಣುಮಗಳಾಗಿ ಹೇಳುತ್ತೇನೆ, ಆ ಕಾಯ್ದೆಯ ಒಂದಕ್ಷರವೂ ಸಡಿಲವಾಗಬಾರದು. ಆದರೆ ಬೀಗ ಹಾಕಿ ಎಂದು ಕಾಯ್ದೆ ಹೇಳುವುದಿಲ್ಲ. ಯಂತ್ರದ ವಿವರ ಮತ್ತು ಬಳಸುವವರ ಹೆಸರು ನೋಂದಣಿಯಲ್ಲಿರಲಿ, ಲಿಂಗ ಪತ್ತೆ ಮಾಡುವುದಿಲ್ಲ ಎಂಬ ಫಲಕ ಗೋಡೆಯ ಮೇಲಿರಲಿ, ಯಂತ್ರ ಆಸ್ಪತ್ರೆ ಬಿಟ್ಟು ಹೊರಗೆ ಹೋಗದಿರಲಿ. ಇಷ್ಟು ಕಾಗದದ ಕೆಲಸಕ್ಕೆ ಬೇಸರಪಟ್ಟು ರೋಗಿಯ ಕುತ್ತಿಗೆಯನ್ನು ಅದೃಷ್ಟಕ್ಕೆ ಬಿಡುವುದು ಅನ್ಯಾಯ. ಗೆಳತಿಗೆ ನಮ್ಮ ಅರ್ಜಿಯ ಮಾದರಿ ಕಳಿಸಿದೆ.

11 ಆಗಸ್ಟ್, ಭಾನುವಾರ

ಗುಗೈ ಕಡೆಯ ದೇವಾಂಗ ನೇಕಾರರು, ಮನೆಮಾತು ಕನ್ನಡ. ವರ್ಷಗಳಿಂದ ಡಯಾಲಿಸಿಸ್. ಅದಕ್ಕೆಂದು ಕೈಯಲ್ಲಿ ಮಾಡಿದ್ದ ಫಿಸ್ಟುಲಾ ಮುಚ್ಚಿಹೋಗಿ ಮತ್ತೆ ಕುತ್ತಿಗೆಗೇ ಬಂದಿದ್ದಾರೆ. ನಾವೆಲ್ಲ ಮೊದಲು ಬಲಗಡೆಯನ್ನೇ ಆರಿಸಿಕೊಳ್ಳುತ್ತೇವೆ, ಅಲ್ಲಿಂದ ಹೃದಯಕ್ಕೆ ದಾರಿ ನೇರ. ಪ್ರೋಬ್ ಇಟ್ಟರೆ ಜುಗುಲರ್ ದೊಡ್ಡದಾಗಿ, ಚೆನ್ನಾಗೇ ಕಂಡಿತು. ಆದರೆ ಒತ್ತಿದರೆ ಮುಚ್ಚಿಕೊಳ್ಳಲಿಲ್ಲ. ಒಳಗೆ ಬೂದುಬಣ್ಣದ ಹೆಪ್ಪು, ಹಳೆಯ ಕ್ಯಾಥೆಟರ್‌ಗಳ ಫಲ. ಅಲ್ಲಿಗೆ ಸೂಜಿ ಹಾಕಲೇ ಇಲ್ಲ. ಎಡಗಡೆ ತೆರೆದಿತ್ತು, ಅಲ್ಲಿ ಹಾಕಿದೆ. ಎದೆಯ ಎಕ್ಸ್‌ರೇಯಲ್ಲಿ ತುದಿ ಸರಿಯಾದ ಜಾಗದಲ್ಲಿದೆ. "ಈ ಸಲ ನೋವೇ ಗೊತ್ತಾಗ್ಲಿಲ್ಲ ತಾಯಿ" ಅಂದರು.

ನೋವಿನ ಮಾತು ಹಾಗಿರಲಿ. ಮುಚ್ಚಿದ ನರಕ್ಕೆ ಮತ್ತೆ ಮತ್ತೆ ಚುಚ್ಚಿಸಿಕೊಳ್ಳುವುದು ಅವರಿಗೆ ತಪ್ಪಿತು. ಡಯಾಲಿಸಿಸ್ ರೋಗಿಗೆ ಉಳಿದಿರುವ ಪ್ರತಿ ನರವೂ ಆಯುಸ್ಸಿನ ಲೆಕ್ಕದಲ್ಲಿ ಬರುತ್ತದೆ.

ನಮ್ಮಲ್ಲಿ ಐಸಿಯು ಮತ್ತು ಥಿಯೇಟರ್ ಎರಡಕ್ಕೂ ಇರುವುದು ಒಂದೇ ಯಂತ್ರ. ನಾಳೆಯ ಆಡಳಿತ ಸಭೆಯಲ್ಲಿ ಐಸಿಯುಗೇ ಒಂದು ಬೇಕೆಂದು ಕೇಳುತ್ತೇನೆ. ಮನವಿಯ ಜೊತೆಗೆ ನೋಂದಣಿ ಅರ್ಜಿಯನ್ನೂ ತುಂಬಿಸಿಟ್ಟಿದ್ದೇನೆ.