ಲೋಪವಾದ ಗೆರೆ

ಈ ಸಂಚಿಕೆಗೆ ನಾಲ್ಕು ಮಾತು ಬರೆದುಕೊಡಬೇಕೆಂದು ಪೂಜ್ಯ ಶ್ರೀಗಳವರ ಅಪ್ಪಣೆಯಾದಾಗ, ನನ್ನ ವೃತ್ತಿಯ ವಿಷಯವನ್ನು ಇಲ್ಲಿ ಹೇಗೆ ಆಡುವುದೆಂದು ಅಳುಕಿದೆನು. ಆಗ ಒದಗಿ ಬಂದದ್ದು ಈ ಶಾಲೆಯಲ್ಲಿಯೇ ಕಲಿತ ಲೋಪಸಂಧಿ.

ತಂತ್ರಾಂಶವನ್ನು ಕಟ್ಟುವ ಮುನ್ನ ಅದರ ನಕ್ಷೆ ಬರೆಯುವುದು ವಾಡಿಕೆ. ಇದಕ್ಕೆ 1997ರಲ್ಲಿ ಅಂಗೀಕೃತವಾದ ಯು.ಎಂ.ಎಲ್. ಎಂಬ ಚಿತ್ರಭಾಷೆಯುಂಟು. ಒಂದು ಬಗೆಯ ನಕ್ಷೆಯನ್ನು ಇನ್ನೊಂದಕ್ಕೆ ಕೈಯಿಂದ ತಿರುಗಿಸುತ್ತ ಕುಳಿತರೆ ಬೇಸರವೂ ತಪ್ಪೂ ಜೊತೆಯಾಗಿಯೇ ಬರುತ್ತವೆ. ಆದುದರಿಂದ ಆ ಕೆಲಸವನ್ನು ನಿಯಮಗಳಾಗಿ ಬರೆದು ಯಂತ್ರಕ್ಕೊಪ್ಪಿಸುತ್ತಾರೆ: ಎಡಗಡೆ ಇಂಥ ಆಕೃತಿ ಕಂಡರೆ ಬಲಗಡೆ ಇಂಥದನ್ನು ಇಡು. ವರ್ಗಕ್ಕೆ ಕೋಷ್ಟಕ, ಅದರ ಗುಣಕ್ಕೆ ಕಾಲಮ್ಮು, ಅನೇಕರಿಗೂ ಅನೇಕರಿಗೂ ಇರುವ ಸಂಬಂಧಕ್ಕೆ ನಡುವೆ ಮೂರನೆಯದೊಂದು ಕೋಷ್ಟಕ.

ಹಲವು ವರ್ಷಗಳ ಹಿಂದೆ ಮಕ್ಕಳ ಆಸ್ಪತ್ರೆಯೊಂದರ ದಾಖಲೆಗಳಿಗಾಗಿ ಇಂಥ ನಿಯಮಗಳನ್ನು ನಾನೇ ಬರೆದೆನು. ನಕ್ಷೆಯಲ್ಲಿ ಮಗುವಿನಿಂದ ಪೋಷಕರಿಗೆ ಎಳೆದ ಗೆರೆಯ ತುದಿಯಲ್ಲಿ ‘1..*’ ಎಂದಿತ್ತು, ಒಬ್ಬರಾದರೂ ಇರಲೇಬೇಕು, ಹೆಚ್ಚಿದ್ದರೂ ಇರಲಿ ಎಂದು ಅದರ ಅರ್ಥ. ನನ್ನ ನಿಯಮವು ನಡುವಿನ ಕೋಷ್ಟಕವನ್ನು ಚೊಕ್ಕಟವಾಗಿ ಮಾಡಿತು. ‘ಇರಲೇಬೇಕು’ ಎಂಬುದನ್ನು ಮಾತ್ರ ಸದ್ದಿಲ್ಲದೆ ಬಿಟ್ಟಿತು. ಕೋಷ್ಟಕಗಳನ್ನು ಬೆಸೆಯುವ ಕೀಲಿಯು, ಹೆಸರಿಸಿದ ಪೋಷಕರು ದಾಖಲೆಯಲ್ಲಿರುವರೇ ಎಂದು ನೋಡಬಲ್ಲುದೇ ಹೊರತು, ಯಾರನ್ನೂ ಹೆಸರಿಸಿಯೇ ಇಲ್ಲವಲ್ಲ ಎಂದು ಕೇಳಲಾರದು. ಒಂದು ರಾತ್ರಿ ಮಗುವೊಂದಕ್ಕೆ ತುರ್ತಾಗಿ ಶಸ್ತ್ರಚಿಕಿತ್ಸೆಯಾಗಬೇಕಿತ್ತು. ಒಪ್ಪಿಗೆ ಕೇಳೋಣವೆಂದರೆ ಅದರ ಹೆಸರಿನ ಮುಂದೆ ಯಾರೂ ಇರಲಿಲ್ಲ. ದಾದಿಯೊಬ್ಬರು ಹೊರಗಿನ ಪಡಸಾಲೆಯಲ್ಲಿ ಮಲಗಿದ್ದವರನ್ನೆಲ್ಲ ಒಬ್ಬೊಬ್ಬರಾಗಿ ಎಬ್ಬಿಸಿ ಕೇಳಿ, ಕೊನೆಗೆ ಅಜ್ಜಿಯನ್ನು ಕಂಡುಹಿಡಿದರು. ಮಗು ಉಳಿಯಿತು. ನನಗೆ ಸುದ್ದಿ ಮುಟ್ಟಿದ್ದು ಮರುದಿನ, ಊಟ ಸೇರಲಿಲ್ಲ.

‘ಮಾತಿಲ್ಲ’ ಎಂಬಲ್ಲಿ ಉಕಾರವೂ ‘ಬೇರೊಬ್ಬ’ ಎಂಬಲ್ಲಿ ಎಕಾರವೂ ಲೋಪವಾಗಿವೆ. ಬಿಡಿಸುವಾಗ ನಾವು ಅವನ್ನು ತಪ್ಪಿಲ್ಲದೆ ತುಂಬುವುದು ಪದಗಳು ಮೊದಲೇ ಗೊತ್ತಿರುವುದರಿಂದ. ಯಂತ್ರಕ್ಕೆ ಆ ಗೊತ್ತು ಎಲ್ಲಿಯದು? ಕೋಷ್ಟಕದಿಂದ ನಕ್ಷೆಗೆ ಮರಳಿದರೆ ಬಿಟ್ಟುಹೋದದ್ದು ಬಿಟ್ಟೇ ಹೋಗಿರುತ್ತದೆ. ಆಂಡಿ ಷೂರ್ ಎಂಬ ವಿದ್ವಾಂಸರು 1994ರಲ್ಲಿ ಮಂಡಿಸಿದ ಪದ್ಧತಿಯೊಂದು ಎರಡು ನಕ್ಷೆಗಳ ನಡುವೆ ಮೂರನೆಯದೊಂದನ್ನಿಟ್ಟು, ಯಾವುದು ಯಾವುದಾಯಿತೆಂಬ ಲೆಕ್ಕವನ್ನು ಕಾಯುತ್ತದೆ. ಅದರ ಹೆಸರು ತ್ರಿವಳಿ ಗ್ರಾಫ್ ವ್ಯಾಕರಣ. ವ್ಯಾಕರಣವೆಂದು ಕರೆದದ್ದು ನನಗೆ ಬಹಳ ಹಿಡಿಸಿದೆ.

ಆ ಬಳಿಕ ನಾನು ಮತ್ತೊಂದು ನಿಯಮ ಸೇರಿಸಿದೆನು: ಬಲಗಡೆ ಇಡಲಾಗದ್ದು ಎಡಗಡೆ ಕಂಡರೆ ನಿಲ್ಲು, ಅದನ್ನು ಪಟ್ಟಿಯಲ್ಲಿ ಬರೆ. ಅದೇ ಆಸ್ಪತ್ರೆಯ ನಕ್ಷೆಯನ್ನು ಪುನಃ ಕೊಟ್ಟೆನು. ಪಟ್ಟಿ ಒಂದು ಪುಟ ತುಂಬಿ ಎರಡನೆಯದಕ್ಕೆ ಹೊರಳಿತು. ಪೋಷಕರ ಗೆರೆ ಅದರಲ್ಲಿ ಏಳನೆಯದಾಗಿತ್ತು.